ಜೊಂಡಿನ ಮೂಲೆಯ ಕೆಂಪು ಮರಿಗಳು

ಕಳೆದ ತಿಂಗಳು ಯಾವುದೋ ಕೆಲಸಕ್ಕೆಂದು ತರೀಕೆರೆಗೆ ಹೋಗಿದ್ದೆ. ಸಂತೆಯ ಮೀನಿನ ಸಾಲಿನಲ್ಲಿ ಒಬ್ಬಾಕೆ ಅಗಲ ಬಾಯಿಯ ಟಬ್ಬಿನಲ್ಲಿ ಜೀವಂತ ಕೊರಮೀನು ಇಟ್ಟುಕೊಂಡು ಕೂತಿದ್ದಳು. ಬಿಸಿಲಿಗೆ ನೀರು ಕಾಯದಿರಲಿ ಎಂದು ಮೇಲೆ ಹಸಿ ಜೊಂಡು ಹೊದಿಸಿದ್ದಳು. ಕೆಸರೂ ಎಳೆ ಹುಲ್ಲೂ ಬೆರೆತ ಆ ಜೊಂಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹಲ್ಲು ತಾನಾಗಿ ಕಚ್ಚಿಕೊಂಡಿತು. ಊರ ಕೆರೆಯ ವಾಸನೆ ಬಂದರೆ ಕೆಲವರಿಗೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೆ ಕೋಪ ಬರುತ್ತದೆ. ಇಷ್ಟು ವರ್ಷವಾದರೂ ಬರುತ್ತದೆ.

"ಏನಕ್ಕಾ, ತಗಳಲ್ವಾ? ಬಾಣಂತೀರಿಗೆ ಕೊಡೋ ಮೀನು ಕಣಕ್ಕಾ," ಎಂದಳು ಆಕೆ. ಬೇಡಮ್ಮ ಎಂದು ಮುಂದೆ ನಡೆದೆ. ಈಗ ನಾನಿರುವ ಕಡೂರಿಗೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತರೆ ಆ ಒಂದು ಮಳೆಗಾಲ ಬಿಟ್ಟು ಬೇರೇನೂ ತಲೆಯೊಳಗೆ ಬರಲಿಲ್ಲ.

ನಮ್ಮೂರ ಕೆರೆ ಅಜ್ಜಂಪುರದಿಂದ ತರೀಕೆರೆಗೆ ಬರುವ ದಾರಿಯಿಂದ ಸ್ವಲ್ಪ ಒಳಕ್ಕಿದೆ. ದೊಡ್ಡ ಬುಕ್ಕಾಂಬುಧಿ ಕೆರೆ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ನಮ್ಮ ಕೇರಿಯ ಮನೆಗಳ ಒಲೆ ಉರಿಯುವುದಕ್ಕೆ ಅಷ್ಟು ನೀರು ಸಾಕಾಗಿತ್ತು. ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಪಟ, ಬಾಗಿಲ ಹಿಂದೆ ಬಲೆ. ಕೆರೆಯ ಮೀನಿನ ಹಕ್ಕು ಊರ ಮೀನುಗಾರರ ಸಂಘದ್ದು. ಅಣ್ಣ ನಾಗರಾಜ ತೆಪ್ಪ ಹಾಕುತ್ತಿದ್ದ. ನಾನು ಬಿ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ಓದಿದವಳು, ಆಫೀಸಿನವರ ಹತ್ತಿರ ಮಾತಾಡುತ್ತಾಳೆ ಅಂತ ಸಂಘಕ್ಕೆ ನನ್ನನ್ನೇ ಕಾರ್ಯದರ್ಶಿ ಮಾಡಿದ್ದರು. ಕಾರ್ಯದರ್ಶಿ ಅಂದರೆ ಕುರ್ಚಿ ಇರಲಿಲ್ಲ. ಕೊರಮೀನಿನ ಡ್ರಮ್ಮನ್ನು ಬಸ್ಸಿಗೆ ಹತ್ತಿಸಿ, ನೀರು ಚೆಲ್ಲಿತು ಅಂತ ಬೈಯುವ ಕಂಡಕ್ಟರನ ಜೊತೆ ಜಗಳವಾಡಿ, ತರೀಕೆರೆಯಲ್ಲಿ ಇಳಿಸಿ ಮಾರುವುದೂ ಅದೇ ಕಾರ್ಯದರ್ಶಿ.

ಹಲವು ವರ್ಷ ಅರೆಬರೆ ಇದ್ದ ಕೆರೆ ಆ ಮಳೆಗಾಲದ ಹಿಂದಿನ ವರ್ಷ ಕೋಡಿ ಬಿದ್ದಿತ್ತು. ಮೀನು ಚೆನ್ನಾಗಿ ಬಂತು. ಮೀನು ಬಂದ ಸುದ್ದಿ ಹಿಡಿದು ಗಾಳದವರೂ ಬಂದರು. ನಮ್ಮೂರಿನ ಬಿದಿರುಕಡ್ಡಿ ಗಾಳದವರಲ್ಲ. ಕಾರಿನ ಮೇಲೆ ಉದ್ದದ ಚೀಲದಲ್ಲಿ ರಾಡು, ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಭಾನುವಾರ ಬಂದು ಏರಿಯ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಅವರ ಕೊಕ್ಕೆ ಸಿಕ್ಕಿಕೊಂಡು ನಮ್ಮ ಬಲೆ ಹರಿಯುತ್ತಿತ್ತು. ನಮ್ಮ ತೆಪ್ಪ ಹಾದುಹೋದರೆ ಮೀನು ಬೆದರಿತು ಅಂತ ಅವರು ಕೂಗುತ್ತಿದ್ದರು. ಒಂದು ಭಾನುವಾರ ಅಣ್ಣ ಅವರಲ್ಲೊಬ್ಬನ ರಾಡು ಕಿತ್ತು ನೀರಿಗೆಸೆದ. ಕಾಲರ್ ಹಿಡಿಯುವ ತನಕ ಹೋಯಿತು.

ಆಗ ನಡುವೆ ಬಂದು ಬಿಡಿಸಿದವರು ಮಹೇಶಣ್ಣ. ಕಡೂರಿನಲ್ಲಿ ಬಟ್ಟೆ ಅಂಗಡಿ, ಅಪ್ಪ ತಾತನ ಕಾಲದಿಂದ ವ್ಯಾಪಾರದ ಮನೆ. ಅವರ ಮನೆಯಲ್ಲಿ ಮೀನಿನ ಹೆಸರೆತ್ತುವಂತಿಲ್ಲ. ಆದರೂ ಈ ಮನುಷ್ಯನಿಗೆ ಗಾಳದ ಹುಚ್ಚು. "ಹಿಡೀತೀನಿ, ಬಿಟ್ಬಿಡ್ತೀನಿ ಅಷ್ಟೇ ಕಣಮ್ಮಾ. ರಾಡು ಅಂಗಡಿ ಗೋಡೌನಲ್ಲೇ ಇರುತ್ತೆ. ಮನೇಲಿ ಗೊತ್ತಾದ್ರೆ ನಮ್ಮಮ್ಮ ಒಳಗೆ ಸೇರಿಸಲ್ಲ," ಎಂದು ನಗುತ್ತಿದ್ದರು. ಮೆತ್ತಗಿನ ಮಾತು. ನಮ್ಮನ್ನು ಕಂಡರೆ ಕೈಯೆತ್ತಿ ಮುಗಿಯುತ್ತಿದ್ದರು. ಮೊದಮೊದಲು ನಮ್ಮ ಮನೆಯ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವರು, ಆಮೇಲೆ ಒಳಗೆ ಬಂದು ಚಾಪೆಯ ಮೇಲೆ ಕೂತರು. ಅವ್ವ ಕೊಟ್ಟ ಟೀ ಕುಡಿದರು. ಅವ್ವನಿಗೆ ಅದೇ ದೊಡ್ಡ ವಿಷಯವಾಯಿತು. ನನಗೂ ಆಗಿತ್ತು ಅಂತ ಈಗ ನೆನೆದರೆ ಮೈ ಉರಿಯುತ್ತದೆ. ಒಬ್ಬ ಮನುಷ್ಯ ಇನ್ನೊಬ್ಬರ ಮನೆಯಲ್ಲಿ ಟೀ ಕುಡಿದರೆ ಅದರಲ್ಲಿ ಉಪಕಾರ ಏನಿದೆ?

ಮಹೇಶಣ್ಣನೇ ಮಾತುಕತೆಗೆ ಕೂರೋಣ ಎಂದರು. ತೂಬಿನ ಪಕ್ಕದ ಹೊಂಗೆ ಮರದ ಕೆಳಗೆ ಗಾಳದವರು ಒಂದು ಕಡೆ, ನಾವು ಒಂದು ಕಡೆ ಕೂತೆವು. ಮೊದಲು ಬೈಗುಳ, ಆಮೇಲೆ ಮಾತು. ಕೆರೆಯ ಪಡುವಣ ದಂಡೆ ಗಾಳಕ್ಕೆ, ಉಳಿದದ್ದು ಬಲೆಗೆ ಅಂತಾಯಿತು. ಗಾಳದವರು ಬಂದ ದಿನ ಸಂಘಕ್ಕೆ ಹೇಳಿ ಇಳಿಯಬೇಕು. ಬಲೆ ಹರಿದರೆ ಹರಿದವರೇ ಕಟ್ಟಿಸಿಕೊಡಬೇಕು. ನಾವು ಭಾನುವಾರ ಆ ದಂಡೆಯ ಕಡೆ ತೆಪ್ಪ ತರಬಾರದು. ಇಷ್ಟಕ್ಕೆಲ್ಲ ತಕರಾರಾಗಲಿಲ್ಲ.

ಕೊನೆಯ ಮಾತು ಗೌರಕ್ಕನದು. ಗಂಡ ತೀರಿಕೊಂಡ ಮೇಲೆ ತಾನೇ ಬಲೆ ಬೀಸಿ ಸಂಸಾರ ಸಾಗಿಸಿದ ಹೆಂಗಸು ಅವಳು. ಬಾಯಿ ಜೋರು.

"ಎಲ್ಲಾ ಸರಿ ಕಣ್ರಪ್ಪಾ. ಜೊಂಡಿನ ಮೂಲೆ ಮಾತಾಡ್ರಿ. ಹೊಸನೀರು ಬಂದಾಗ ಅಲ್ಲಿಗೆ ನಾವೂ ಕಾಲಿಡಕಿಲ್ಲ, ನೀವೂ ಇಡಂಗಿಲ್ಲ."

ಯಾಕೆ ಎಂದು ಗಾಳದವರಲ್ಲೊಬ್ಬ ಕೇಳಿದ. ಮಹೇಶಣ್ಣನೇ ಅವನಿಗೆ ಬಿಡಿಸಿ ಹೇಳಿದರು. ಹೌದು, ಅವರೇ ಹೇಳಿದ್ದು. ಕೊರಮೀನು ಹೊಸನೀರಿಗೆ ಜೊಂಡಿನ ನಡುವೆ ಮೊಟ್ಟೆ ಇಡುತ್ತದೆ. ಮರಿಯೊಡೆದ ಮೇಲೆ ತಂದೆ ತಾಯಿ ಕಾವಲು ನಿಲ್ಲುತ್ತವೆ. ಕುಂಕುಮ ಕದಡಿದ ಹಾಗೆ ಕೆಂಪಗೆ ಸಾವಿರಾರು ಮರಿ ಒಂದೇ ಗುಂಪಾಗಿ ನೀರಿನ ಮೇಲೆ ಏಳುತ್ತಾ ಮುಳುಗುತ್ತಾ ಇರುತ್ತವೆ. ಹತ್ತಿರ ಕಪ್ಪೆ ಬರಲಿ, ಹಾವು ಬರಲಿ, ದೊಡ್ಡವು ನುಗ್ಗಿ ಕಚ್ಚುತ್ತವೆ. ಆಗ ರಬ್ಬರಿನ ಕಪ್ಪೆಯೊಂದನ್ನು ಮರಿಗಳ ಮೇಲೆ ಎಳೆದರೆ ಸಾಕು, ತಾಯಿ ಹಸಿವಿಗಲ್ಲ, ಸಿಟ್ಟಿಗೆ ಬಾಯಿ ಹಾಕುತ್ತದೆ. ಗಾಳದವನಿಗೆ ಅದಕ್ಕಿಂತ ಸಲೀಸಾದ ಬೇಟೆ ಇಲ್ಲ. "ಅದು ಆಟ ಅಲ್ಲಪ್ಪಾ, ಪಾಪ. ಮರಿ ಕಪ್ಪಾಗಿ ಚದುರೋ ತನಕ ಆ ಮೂಲೆಗೆ ಯಾರೂ ಹೋಗೋದು ಬೇಡ. ಇದು ನನ್ನ ಮಾತು," ಎಂದು ಎಲ್ಲರೆದುರು ಹೇಳಿದರು. ಗೌರಕ್ಕನ ಕಣ್ಣು ತುಂಬಿತ್ತು. ನಾನು ಚಪ್ಪಾಳೆ ತಟ್ಟಿದ್ದೆ.

ಚಳಿಗಾಲ, ಬೇಸಗೆ ಜಗಳವಿಲ್ಲದೆ ಕಳೆದವು. ಒಂದು ಭಾನುವಾರ ಗಾಳಕ್ಕೆ ಸಿಕ್ಕಿಬಿದ್ದ ಅಣ್ಣನ ಬಲೆಯನ್ನು ಮಹೇಶಣ್ಣ ತಾವೇ ಮಂಡಿಯುದ್ದ ನೀರಿಗಿಳಿದು ಬಿಡಿಸಿಕೊಟ್ಟರು. "ಒಳ್ಳೆ ಮನ್ಸ ಕಣೇ," ಎಂದ ಅಣ್ಣ. ಅಣ್ಣ ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ.

ಮಳೆ ಹಿಡಿಯಿತು. ಹಳ್ಳ ಕೆಂಪಗೆ ಹರಿದು ಕೆರೆಗೆ ಸೇರಿದ ದಿನ ಸಂಘದವರೆಲ್ಲ ಸೇರಿ ಜೊಂಡಿನ ಮೂಲೆಯ ಸುತ್ತ ಗೂಟ ಹೊಡೆದು ಹಗ್ಗ ಕಟ್ಟಿದೆವು. ಕೊರಮೀನು ಸಿಗುವುದೇ ಆ ಮೂಲೆಯಲ್ಲಿ. ಅದನ್ನು ಬಿಟ್ಟರೆ ಆ ತಿಂಗಳುಗಳಲ್ಲಿ ನಮಗೆ ಉಳಿಯುವುದು ಮುಳ್ಳು ತುಂಬಿದ ಸಣ್ಣ ಪಕ್ಕೆ, ಜಿಲೇಬಿ ಮೀನು. ಅಣ್ಣ ಕೆಮ್ಮಣ್ಣುಗುಂಡಿ ಕಡೆ ಯಾವುದೋ ವಸತಿಗೃಹದ ಗೋಡೆ ಕೆಲಸಕ್ಕೆ ಹೋದ. ಅಲ್ಲಿ ಬಿಡದ ಮಳೆ. ಜ್ವರದಲ್ಲೇ ಕಲ್ಲು ಹೊರುತ್ತಿದ್ದಾನೆ ಅಂತ ಊರಿನವರೊಬ್ಬರು ಬಂದು ಹೇಳಿದರು. ಅವ್ವ ಕಳವಳಪಟ್ಟಳು. ಆದರೆ ಹಗ್ಗ ದಾಟೋಣ ಎಂದು ಕೇರಿಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ.

ಮರಿ ಕೆಂಪಗಿದ್ದ ಹೊತ್ತಿಗೇ ಅವರು ಬಂದರು.

ಬೆಳಗ್ಗೆ ಏರಿಯ ಮೇಲೆ ಶಾಮಿಯಾನ ಎದ್ದಿತ್ತು. ದೊಡ್ಡ ಊರಿನ ಯಾವುದೋ ಗಾಳದ ಕ್ಲಬ್ಬಿನವರು ಸ್ಪರ್ಧೆ ಇಟ್ಟಿದ್ದರು. ದೊಡ್ಡ ಮೀನು ಹಿಡಿದು, ತೂಗಿ, ಫೋಟೋ ತೆಗೆಸಿಕೊಂಡು ಬಿಡುವ ಸ್ಪರ್ಧೆ. ಮೈಕಿನಲ್ಲಿ ಹಾಡು, ಪ್ಲಾಸ್ಟಿಕ್ ತಟ್ಟೆಯಲ್ಲಿ ಇಡ್ಲಿ. ನಮ್ಮ ಕಡೆಯ ಮುಖಂಡರೊಬ್ಬರು ಉದ್ಘಾಟನೆಗೆ ಬಂದಿದ್ದರು. ಸಂಘಕ್ಕೆ ಯಾರೂ ಒಂದು ಮಾತು ಹೇಳಿರಲಿಲ್ಲ. ಬ್ಯಾನರಿನಲ್ಲಿ ಸ್ಥಳೀಯ ಸಹಕಾರ ಅಂತ ಕೆಳಗೆ ಮಹೇಶಣ್ಣನ ಹೆಸರಿತ್ತು.

ನಾನು ಓಡಿದೆ. ಹಗ್ಗ ಕತ್ತರಿಸಿ ಬಿಸಾಕಿದ್ದರು. ಜೊಂಡಿನ ಮೂಲೆಯಲ್ಲಿ ಟೋಪಿಯವರು ಸೊಂಟದ ತನಕ ರಬ್ಬರ್ ಪ್ಯಾಂಟು ಹಾಕಿಕೊಂಡು ನಿಂತಿದ್ದರು. ಮರಿಗಳ ಕೆಂಪು ಗುಂಪು ಕಂಡ ಕಡೆಗೇ ರಬ್ಬರ್ ಕಪ್ಪೆ ಎಸೆಯುತ್ತಿದ್ದರು. ನೀರು ಸಿಡಿಯಿತು, ರಾಡು ಬಾಗಿತು, ಒಬ್ಬ 'ಸಿಕ್ತು, ಸಿಕ್ತು!' ಎಂದು ಕುಣಿದ. ತಾಯಿ ಕೊರಮೀನು. ಅದನ್ನು ಚೀಲದಲ್ಲಿ ಹಾಕಿಕೊಂಡು ತೂಗಲು ಏರಿಯ ಮೇಲಕ್ಕೆ ಓಡಿದ. ಶಾಮಿಯಾನ ಇದ್ದದ್ದು ಕೆರೆಯ ಆ ತುದಿಯಲ್ಲಿ.

ನಾನು ನೋಡುತ್ತಾ ನಿಂತಿದ್ದದ್ದು ಆ ಕೆಂಪನ್ನು. ತಂದೆ ಮೀನೂ ಗಲಾಟೆಗೆ ಬೆದರಿ ಸರಿದಿತ್ತು. ಕಾವಲಿಲ್ಲದ ಗುಂಪಿನ ಕೆಳಗಿಂದ ಜಿಲೇಬಿ ಮೀನುಗಳು ಬಂದವು. ಒಂದು ಸಲ ಬಾಯಿ ತೆರೆದರೆ ಒಂದು ತುತ್ತು. ಕೆಂಪು ಒಂದು ಕಡೆಯಿಂದ ಕರಗುತ್ತಾ ಬಂತು. ಉಳಿದ ಮರಿ ಗಾಬರಿಯಿಂದ ಒತ್ತೊತ್ತಾಗಿ ಸುತ್ತಿದವು. ಅಮ್ಮನನ್ನು ಹುಡುಕಿದವೋ ಏನೋ, ನನಗೆ ಹಾಗನ್ನಿಸಿತು. ಬೆಳ್ಳಕ್ಕಿಗಳೂ ಇಳಿದವು. ನೋಡನೋಡುತ್ತಿದ್ದಂತೆ ಅಲ್ಲಿ ಬರೀ ಕಂದು ನೀರು ಉಳಿಯಿತು. ಆ ಹೊತ್ತಿಗೆ ಏರಿಯ ಮೇಲೆ ಚಪ್ಪಾಳೆ ಬಿತ್ತು. ತಾಯಿ ಮೀನನ್ನು ತೂಗಿ, ಎತ್ತಿ ಹಿಡಿದು, ನಗುತ್ತಾ ಫೋಟೋ ತೆಗೆಸಿಕೊಂಡು, ಅಲ್ಲೇ ತೂಬಿನ ಹತ್ತಿರ ನೀರಿಗೆ ಬಿಟ್ಟರು. ನೋಡಿ, ಜೀವಂತ ಬಿಟ್ಟೆವು ಅಂತ.

ಶಾಮಿಯಾನದ ಕೆಳಗೆ ಮಹೇಶಣ್ಣ ಮುಖಂಡರ ಪಕ್ಕ ನಿಂತಿದ್ದರು. ನನ್ನ ಸೀರೆ ಮಂಡಿಯ ತನಕ ಕೆಸರು.

"ಮಹೇಶಣ್ಣಾ, ಇದೇನಿದು?"

"ಸುಜಾತಾ, ಕೂಗಬೇಡಮ್ಮ. ದೊಡ್ಡೋರು ಬಂದವ್ರೆ."

"ಜೊಂಡಿನ ಮೂಲೆಗೆ ಇಳಿದಿದ್ದಾರೆ. ಮರಿ ಎಲ್ಲಾ ಹೋಯ್ತು. ಹೇಳಿ ಇವರಿಗೆ. ನೀವೇ ಹೇಳಿ!"

"ಬಿಟ್ಬಿಡ್ತಾರಮ್ಮ. ಒಂದು ಫೋಟೋ ಅಷ್ಟೆ. ಒಂದು ದಿನದ ಮಾತು."

ಗೊತ್ತಿಲ್ಲದವನು ಹೇಳಿದ್ದರೆ ತಿಳಿಸಿ ಹೇಳುತ್ತಿದ್ದೆ. ಇವರಿಗೆ ಗೊತ್ತಿತ್ತು. ಅದೇ ಹೊಂಗೆ ಮರದ ಕೆಳಗೆ ಪಾಪ ಅಂದಿದ್ದ ಬಾಯಿ ಇದು. ಮುಖಂಡರು ಯಾರಿವಳು ಅನ್ನುವಂತೆ ನೋಡಿದರು. ಮಹೇಶಣ್ಣ ಅವರ ಕಡೆ ಬಗ್ಗಿ, "ಊರಿನ ಹೆಣ್ಣುಮಗಳು ಸಾರ್. ಮೀನು ಮಾರ್ತಾರೆ," ಎಂದರು. ಸಂಘದ ಕಾರ್ಯದರ್ಶಿ ಅನ್ನಲಿಲ್ಲ.

ಅಲ್ಲಿಗೆ ಬಂದಿದ್ದ ಮೀನುಗಾರಿಕೆ ಇಲಾಖೆಯ ಅಧಿಕಾರಿಯ ಹತ್ತಿರ ಹೋದೆ. ಅವರು ಇಡ್ಲಿಯ ತಟ್ಟೆ ಕೆಳಗಿಡಲಿಲ್ಲ. "ಮೀನು ಸತ್ತಿಲ್ಲವಲ್ಲಮ್ಮ. ಏನಂತ ದೂರು ತಗೊಳ್ಳಲಿ? ನಿಮ್ಮ ಬಲೇಲಿ ಸತ್ತಷ್ಟು ಇಲ್ಲಿ ಸತ್ತಿದೆಯಾ?" ಎಂದರು. ಸುತ್ತ ಇದ್ದವರು ನಕ್ಕರು. ಆ ನಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ತಿನ್ನುವುದಕ್ಕೆ ಹಿಡಿಯುವವನು ಕೊಲೆಗಾರ. ಆಟಕ್ಕೆ ಹಿಡಿಯುವವನು ದಯಾಳು. ಹಸಿದವನ ಕೈಗೆ ಮಾತ್ರ ರಕ್ತ ಅಂಟುತ್ತದೆಯೇನು?

ಸಂಜೆ ಶಾಮಿಯಾನ ಬಿಚ್ಚಿಕೊಂಡು ಹೋದರು. ಮಾರನೆಯ ದಿನ ಗೌರಕ್ಕ ಮೂಲೆಯೆಲ್ಲ ಸುತ್ತಾಡಿ ಬಂದಳು. ಇನ್ನೂ ಕೆಲವು ಗುಂಪು ಉಳಿದಿವೆ, ಒಳಗೆ ಜೊಂಡು ದಟ್ಟವಾಗಿದ್ದ ಕಡೆ, ಎಂದಳು. ಮತ್ತೆ ಹಗ್ಗ ಕಟ್ಟಿದೆವು. ಸುದ್ದಿ ಹೇಗೋ ಅಣ್ಣನಿಗೆ ಮುಟ್ಟಿತು. ಜ್ವರದ ಮೈಯಲ್ಲೇ ಬಸ್ಸು ಹಿಡಿದು ಬಂದ. ಮನೆಗೆ ಬಂದವನು ಚೀಲ ಇಳಿಸಿ, ನೀರೂ ಕುಡಿಯದೆ ಬಾಗಿಲ ಹಿಂದಿನ ಬಲೆ ತೆಗೆದ.

"ಅಣ್ಣಾ, ಎಲ್ಲಿಗೆ?"

"ಜೊಂಡಿಗೆ. ದೊಡ್ಡ ಮೀನು ಅವೆ ಕಣೇ. ಎಲ್ಲಾ ಬಾಚ್ಕೊಂಡ್ ಬತ್ತೀನಿ."

"ಮರಿ ಇದಾವೆ ಕಣಣ್ಣಾ ಇನ್ನೂ."

"ಇರ್ಲಿ ಬಿಡು! ಯಾರಿಗ್ ಕಾಯ್ಬೇಕಿತ್ತೇ ನಾವು? ಆ ನನ್ಮಕ್ಳು ಫೋಟೋ ತೆಗ್ಸ್ಕಳಾಕಾ? ನಾನಲ್ಲಿ ಜ್ವರದಾಗೆ ಕಲ್ಲು ಹೊತ್ತಿದ್ದು ಅದಕ್ಕಾ?"

ಅವನ ಜೊತೆ ಕೇರಿಯ ಇನ್ನಷ್ಟು ಗಂಡಸರು ಬಲೆ ಹೆಗಲಿಗೆ ಹಾಕಿಕೊಂಡು ಹೊರಟರು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಒಪ್ಪಲೂ ಮನಸ್ಸು ಬರಲಿಲ್ಲ. ಅವರಿಗಿಂತ ಮೊದಲು ಕೆರೆ ಮುಟ್ಟಬೇಕು ಅಂತಷ್ಟೇ ತಲೆಗೆ ಹೊಳೆದದ್ದು. ಗೌರಕ್ಕನ ಮನೆ ಮುಂದೆ ಕೂಗಿದೆ. ಅವಳು ಅರೆದ ಖಾರ ಹಾಗೇ ಬಿಟ್ಟು ಬಂದಳು. ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರು ಬಂದರು. ಹೊಲದ ಅಡ್ಡದಾರಿ ಹಿಡಿದು ಓಡಿ, ಹಗ್ಗದ ಪಕ್ಕದಲ್ಲೇ ನೀರಿಗಿಳಿದು ಸಾಲಾಗಿ ನಿಂತೆವು. ಕೆಸರು ಕಾಲನ್ನು ಕಚ್ಚಿ ಹಿಡಿಯಿತು. ಮಳೆ ಹನಿಯುತ್ತಿತ್ತು.

ಗಂಡಸರು ಬಂದು ಏರಿಯ ಮೇಲೆ ನಿಂತರು.

"ಏಳೇ ಮ್ಯಾಲೆ, ಸುಜಿ."

"ಏಳಲ್ಲ."

"ಏಳ್ತೀಯೋ ಬಲೆ ನಿನ್ ಮ್ಯಾಲೇ ಹಾಕ್ಲೋ?"

"ಹಾಕು. ಅವರು ಫೋಟೋಗೆ ಹಿಡಿದ್ರು, ನೀನು ಸಿಟ್ಟಿಗೆ ಹಿಡಿ. ಮರಿಗೇನು ವ್ಯತ್ಯಾಸ?"

"ನಂ ಸಿಟ್ಟೂ ಅವರ ಆಟವೂ ಒಂದೇನೇ ನಿನಗೆ?" ಅವನ ದನಿ ಒಡೆಯಿತು. "ಓದಿ ಕಲ್ತಿದ್ದು ಇದೇನಾ? ಅವ್ರ ಮುಂದೆ ನಿಲ್ಲಾಕೆ ಆಗ್ಲಿಲ್ಲ, ನಮ್ ಮುಂದೆ ಬಂದು ನಿಂತಿದೀಯಾ?"

ಆ ಮಾತು ನೆಟ್ಟಗೆ ಎದೆಗೆ ಬಂತು. ಗೌರಕ್ಕ ಬಾಯಿ ತೆರೆದಳು.

"ಲೇ ನಾಗಾ, ಅವ್ರು ಮಾತು ಮುರುದ್ರು, ಸರಿ. ಆ ಮಾತು ಅವ್ರ ಹತ್ರ ಮಾತ್ರ ಆಡಿದ್ದೇನೋ? ನಿಮ್ಮಪ್ಪ, ನನ್ ಗಂಡ, ಅವರಪ್ಪಂದಿರು, ಎಲ್ಲಾ ಈ ಮೂಲೆ ಕಾಯ್ಲಿಲ್ವಾ? ಆಗ ಯಾವ ಟೋಪಿಯೋನು ಇದ್ದ? ಹಾಕೋ ಬಲೆ, ನೋಡನ."

ಅಣ್ಣ ಬಲೆಯನ್ನು ಏರಿಯ ಮೇಲೆ ಬಿಸಾಕಿ ತಿರುಗಿ ನಡೆದುಬಿಟ್ಟ. ಬಾಕಿಯವರು ಸ್ವಲ್ಪ ಹೊತ್ತು ಗೊಣಗಿ ಹಿಂದೆಯೇ ಹೋದರು. ಅವತ್ತಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಒಲೆ. ಏನಾದರೂ ಹೇಳಬೇಕಿದ್ದರೆ ಅವ್ವನಿಗೆ ಹೇಳುತ್ತಿದ್ದ.

ಸಂಘದಿಂದ ಅರ್ಜಿ ಕೊಟ್ಟು, ಓಡಾಡಿ, ಬೈಸಿಕೊಂಡು, ಕೊನೆಗೆ ಅಜ್ಜಂಪುರದಲ್ಲಿ ಒಂದು ಸಭೆ ಮಾಡಿಸಿದೆ. ಗಾಳದ ಕ್ಲಬ್ಬಿನವರೂ ಬಂದರು. ಅಂಥ ಒಪ್ಪಂದವೇ ನಮಗೆ ತಿಳಿದಿಲ್ಲ ಎಂದರು. ನಾನು ಮಹೇಶಣ್ಣನ ಕಡೆ ನೋಡಿದೆ. ಎಲ್ಲರೂ ನೋಡಿದರು. ಅವರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಎದುರು ನಿಂತು ಸುಳ್ಳು ಹೇಳಿದ್ದರೆ ಒಂದು ಸಲ ಜಗಳವಾಡಿ ಮರೆಯುತ್ತಿದ್ದೆನೇನೋ. ಆ ಸುಮ್ಮನೆ ಕೂತ ಮುಖವನ್ನು ಮರೆಯಲು ಇಷ್ಟು ವರ್ಷ ಸಾಕಾಗಿಲ್ಲ.

"ಮಹೇಶಪ್ಪನೋರೇ, ನಿಮ್ಮನ್ನೇ ಕೇಳ್ತಿರೋದು," ಎಂದೆ. ಅಣ್ಣ ಅನ್ನುವ ಪದ ನಾಲಿಗೆಗೆ ಬರಲಿಲ್ಲ.

"ಹಳೇದೆಲ್ಲ ಈಗ್ಯಾಕಮ್ಮ? ಮುಂದೇನು ಮಾಡೋದು ನೋಡೋಣ," ಎಂದರು ಅವರು.

ಮುಂದಿನದು ಇಷ್ಟು: ಹೊಸನೀರಿನ ಕಾಲದಲ್ಲಿ ಜೊಂಡಿನ ಮೂಲೆಗೆ ಬಲೆಯೂ ಇಲ್ಲ, ಗಾಳವೂ ಇಲ್ಲ, ಕಾವಲು ಸಂಘದ್ದು ಅಂತ ಬರೆದುಕೊಟ್ಟರು. ನಾವು ತಲೆತಲಾಂತರದಿಂದ ಮಾಡುತ್ತಿದ್ದುದನ್ನೇ ನಮಗೆ ಆದೇಶ ಮಾಡಿ ಕೊಟ್ಟರು. ಸ್ಪರ್ಧೆ ಮಾಡಿದವರಿಗೆ ಒಂದು ಮಾತೂ ಅನ್ನಲಿಲ್ಲ. ಅವರ ಫೋಟೋ ಆಮೇಲೂ ಮೊಬೈಲುಗಳಲ್ಲಿ ಓಡಾಡಿತು. ಒಬ್ಬ ಟೋಪಿಯವನು, ಅವನ ಕೈಯಲ್ಲಿ ಹೊಟ್ಟೆ ಬೆಳ್ಳಗಿನ ತಾಯಿ ಮೀನು, ಹಿಂದೆ ನಮ್ಮ ಕೆರೆ. ಕೆಳಗೆ ನೂರಾರು ಮೆಚ್ಚುಗೆ. ಆ ವರ್ಷ ತರೀಕೆರೆಗೆ ಡ್ರಮ್ಮು ಒಯ್ಯುವ ಕೆಲಸವೇ ಹೆಚ್ಚು ಬೀಳಲಿಲ್ಲ. ಕಂಡಕ್ಟರ್ ಒಂದು ದಿನ, "ಏನ್ ಮೀನಮ್ಮಾ, ಡ್ರಮ್ಮು ಕಾಣ್ತಾನೇ ಇಲ್ಲ?" ಎಂದು ಕೇಳಿದ. ಅವನ ಮೇಲೂ ರೇಗಿದೆ.

ಮರುವರ್ಷದ ಮಳೆಗೆ ಹಳ್ಳ ಬಂತು. ಗೂಟ ಹೊಡೆಯಲು ಹೋದರೆ ಅಲ್ಲಿ ಆಗಲೇ ಗೂಟಗಳು ನಿಂತಿದ್ದವು. ಅಣ್ಣ ಒಬ್ಬನೇ ಬೆಳಗ್ಗೆಯೇ ಬಂದು ಹೊಡೆದಿದ್ದ. ನನ್ನನ್ನು ನೋಡಿಯೂ ನೋಡದವನಂತೆ ಹಗ್ಗ ಬಿಗಿಯುತ್ತಿದ್ದ. ನಾನೂ ಮಾತಾಡಿಸಲಿಲ್ಲ. ಆ ಸಲ ಅವನು ಹೊರಗಿನ ಕೆಲಸಕ್ಕೆ ಹೋಗಲಿಲ್ಲ. ಏರಿಯ ಮೇಲೆ ತಾಡಪಾಲು ಕಟ್ಟಿಕೊಂಡು ಕಾವಲು ಕೂತ.

ಮರಿ ಕೆಂಪಗೆ ಎದ್ದ ವಾರವೇ ಎರಡು ಕಾರು ಬಂದವು. ಹಿಂದಿನ ಕಾರಿನಲ್ಲಿ ಮಹೇಶಪ್ಪ ಇದ್ದರು, ಇಳಿಯಲಿಲ್ಲ. ಕಿಟಕಿಯ ಗಾಜೂ ಇಳಿಸಲಿಲ್ಲ. ಮುಂದಿನ ಕಾರಿನಿಂದ ಇಳಿದವರು ರಾಡಿನ ಚೀಲ ಬಿಚ್ಚುತ್ತಾ ಹಗ್ಗದ ಹತ್ತಿರ ಬಂದರು. ಕೇರಿಯಿಂದ ನಾವೆಲ್ಲ ಓಡಿಬರುವಷ್ಟರಲ್ಲಿ ಅಣ್ಣ ನೀರಿಗಿಳಿದು ಹಗ್ಗಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಕೈಯಲ್ಲಿ ಕೋಲೂ ಇರಲಿಲ್ಲ.

"ನಾವೇನು ಕೊಲ್ಲಲ್ಲ ಕಣ್ರೀ," ಎಂದ ಅವರಲ್ಲೊಬ್ಬ. "ಹಿಡಿದು ಬಿಡ್ತೀವಿ."

"ಹಿಡಿಯೋದ್ಯಾಕೆ? ಹಂಗೇ ಬಿಡ್ರಿ," ಎಂದ ಅಣ್ಣ.

ಅವರು ಆಫೀಸಿಗೆ ಫೋನು ಮಾಡುತ್ತೇವೆ ಎಂದರು. ಮಾಡ್ರಿ ಎಂದ. ಮುಖಂಡರ ಹೆಸರು ಹೇಳಿದರು. ಕರೀರಿ ಎಂದ. ಅವರು ಹಿಂದಿನ ಕಾರಿನ ಕಡೆ ನೋಡಿದರು. ಗಾಜು ಇಳಿಯಲಿಲ್ಲ. ಇಷ್ಟು ಹೊತ್ತಿಗೆ ಏರಿಯ ಮೇಲೆ ಇಡೀ ಕೇರಿ ಬಂದು ನಿಂತಿತ್ತು. ಒಂದಷ್ಟು ಹೊತ್ತು ತಮ್ಮತಮ್ಮಲ್ಲೇ ಗುಸುಗುಸು ಮಾಡಿ ಅವರು ರಾಡು ಚೀಲಕ್ಕೆ ಸೇರಿಸಿದರು. ಕಾರುಗಳು ಹಿಂದಕ್ಕೆ ಸರಿದು ತಿರುಗಿಕೊಂಡು ಹೋದವು.

ಅಣ್ಣ ಮೇಲೆ ಬರಲಿಲ್ಲ. ಅವರು ತಿರುಗಿ ಬಂದರೂ ಬಂದಾರು ಅಂತ ಅವನಿಗೆ ಅನುಮಾನ. ನೀರು ಸೊಂಟದ ತನಕ, ತುಟಿ ನೀಲಿಗಟ್ಟಿತ್ತು. ಜನ ಚದುರಿದರು. ನಾನು ಹೋಗುವುದೋ ನಿಲ್ಲುವುದೋ ತಿಳಿಯದೆ ಏರಿಯ ಮೇಲೇ ಇದ್ದೆ. ಅವನು ದಾರಿಯ ಕಡೆಯಿಂದ ಕಣ್ಣು ಕೀಳದೆಯೇ ಮಾತಾಡಿದ. ಒಂದು ವರ್ಷದ ಮೇಲೆ ನನ್ನ ಹೆಸರು ಹಿಡಿದು ಮಾತಾಡಿದ.

"ಸುಜಿ, ಮುದ್ದೆ ಇಲ್ಲಿಗೇ ತಗಂಬಾರೇ. ನಾನ್ ಏಳಾಕಿಲ್ಲ."